ಪದಚರ್ಚೆ: ‘ನ್ಯಾಚುರಲ್ ಹೇರ್’ಗೆ ಕನ್ನಡ ಬೇಕು, ‘ಕೆದರಿದ ಕೂದಲು’ ಬೇಡ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಹ್ಯೂಸ್ಟನ್‌ನಲ್ಲಿ ಭಾನುವಾರದ ಕನ್ನಡ ತರಗತಿಗೆ ಪಾಠ ಹೇಳುತ್ತೇನೆ. ಹೋದ ವಾರ ಮಕ್ಕಳಿಗೆ ‘ನನ್ನ ಗೆಳತಿ’ ಎಂದು ಹತ್ತು ಸಾಲು ಬರೆದುಕೊಂಡು ಬರಲು ಹೇಳಿದ್ದೆ. ಒಂಬತ್ತು ವರ್ಷದ ಹುಡುಗಿಯೊಬ್ಬಳು ತನ್ನ ಶಾಲೆಯ ಕಪ್ಪು ಅಮೆರಿಕನ್ ಗೆಳತಿಯ ಬಗ್ಗೆ ಬರೆದಿದ್ದಳು. ಮೂರನೆಯ ಸಾಲು ಹೀಗಿತ್ತು: “ಅವಳದು ಕೆದರಿದ ಕೂದಲು. ನನಗೆ ತುಂಬಾ ಇಷ್ಟ.” ಈ ಪದ ಎಲ್ಲಿ ಸಿಕ್ಕಿತು ಎಂದು ಕೇಳಿದರೆ, “ಅಜ್ಜಿ ಹೇಳಿಕೊಟ್ರು ಮಿಸ್” ಎಂದಳು. ಅಜ್ಜಿ ಹುಬ್ಬಳ್ಳಿಯಿಂದ ಬಂದು ಇಲ್ಲಿ ಆರು ತಿಂಗಳು ಇರುವವರು. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಅವರನ್ನೇ ಕೇಳಿದೆ. “ಮತ್ತೇನ ಅನ್ನೂದ್ರೀ ಟೀಚರ? ತಲಿ ಹಿಕ್ಕಲಿಲ್ಲಂದ್ರ ನಮ್ಮ ಕಡೆ ಹಂಗ ಅಂತೀವಿ. ಬ್ಯಾರೆ ಶಬ್ದ ಇದ್ರ ನೀವ ಹೇಳ್ರಿ” ಅಂದರು. ಕೊಂಕಿನಿಂದ ಕೇಳಿದ ಮಾತಲ್ಲ, ಪದ ಬೇಕೆಂದೇ ಕೇಳಿದ್ದು. ನನ್ನ ಬಾಯಿಗೆ ಆಗ ಯಾವ ಪದವೂ ಬರಲಿಲ್ಲ. ಆ ಕೇಳಿಕೆಯನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಪ್ಪು ಜನ ‘ನ್ಯಾಚುರಲ್ ಹೇರ್’ ಎಂದಾಗ, ರಾಸಾಯನಿಕ ಹಚ್ಚಿಯೋ ಬಿಸಿ ಬಾಚಣಿಗೆ ಎಳೆದೋ ನೇರ ಮಾಡದೆ, ನೆತ್ತಿಯಿಂದ ಹೇಗೆ ಬರುತ್ತದೋ ಹಾಗೇ ಬಿಟ್ಟ ಕೂದಲು ಎಂದು ಅರ್ಥ. ಇದನ್ನು ‘ನೈಸರ್ಗಿಕ ಕೂದಲು’ ಎಂದರೆ ಕನ್ನಡ ಓದುಗ ಬೇರೆಲ್ಲೋ ಹೋಗುತ್ತಾನೆ. ನಮ್ಮ ಜಾಹೀರಾತುಗಳಲ್ಲಿ ಹಾಗೆಂದರೆ ಪ್ಲಾಸ್ಟಿಕ್ ನೂಲಿನದಲ್ಲದ, ಮನುಷ್ಯರ ತಲೆಯದೇ ಕೂದಲಿನಿಂದ ಮಾಡಿದ ವಿಗ್ಗು ಅಥವಾ ಚವರಿ. ಇಲ್ಲಿನ ಬ್ಯೂಟಿ ಸಪ್ಲೈ ಅಂಗಡಿಗಳ ಗೋಡೆಯ ತುಂಬ ‘ಇಂಡಿಯನ್ ಹೇರ್’ ಎಂಬ ಪ್ಯಾಕೆಟ್ಟುಗಳು ತೂಗುತ್ತಿರುತ್ತವೆ. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗಿ ಹೊರದೇಶಗಳಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತು. ನೀಳವಾದ ಆ ಕೂದಲನ್ನು ಕೊಂಡು ತಮ್ಮ ತಲೆಗೆ ಹೊಲಿಸಿಕೊಳ್ಳುವವರಲ್ಲಿ ಕಪ್ಪು ಹೆಣ್ಣುಮಕ್ಕಳೂ ಇದ್ದಾರೆ. ಹಾಗಾಗಿ ‘ನೈಸರ್ಗಿಕ ಕೂದಲು’ ಎಂದು ಬರೆದರೆ, ಅವರು ಬೇಡವೆಂದದ್ದಕ್ಕೇ ಆ ಹೆಸರು ಕೊಟ್ಟಂತಾಗುತ್ತದೆ.

‘ಸಹಜ ಕೂದಲು’ ಅಷ್ಟು ದಾರಿ ತಪ್ಪಿಸುವುದಿಲ್ಲ. ಆದರೆ ಬಣ್ಣ ಹಾಕದ ತಲೆ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ‘ಹುಟ್ಟುಗೂದಲು’ ನನಗೆ ಹಿಡಿಸಿತ್ತು. ಅದು ಚೌಲದಲ್ಲಿ ತೆಗೆಸುವ ಕೂಸಿನ ಮೊದಲ ಕೂದಲಾಗಿ ಆಗಲೇ ನೆಲೆಯಾಗಿಬಿಟ್ಟಿದೆ. ಹಳೆಯ ಕಾವ್ಯಗಳ ‘ಕುರುಳು’ ಸುಂದರವಾದ ಪದ, ಹಣೆಯ ಮೇಲೆ ಬೀಳುವ ‘ಮುಂಗುರುಳು’ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ಗಾಳಿಗೆ ಹಾರುವ ಒಂದೆರಡು ಎಳೆ. ತಲೆಯ ಸುತ್ತ ದಟ್ಟವಾಗಿ, ಮೇಲ್ಮುಖವಾಗಿ ನಿಲ್ಲುವ ಕೂದಲಿಗೆ ಅದು ಸಾಲದು. ಉಳಿದದ್ದು ‘ಗುಂಗುರು’. ಅದನ್ನು ಎಲ್ಲರೂ ಬಲ್ಲರು. ಅದಕ್ಕೆ ‘ಹುಟ್ಟು’ ಸೇರಿಸಿ ‘ಹುಟ್ಟುಗುಂಗುರು’ ಎಂದರೆ ಹೇಗೆ? ಸಲೂನಿನಲ್ಲಿ ಮಾಡಿಸಿದ ಗುಂಗುರಿನಿಂದಲೂ ಬೇರೆಯಾಗುತ್ತದೆ, ಕೂಸಿನ ಕೂದಲಿನಿಂದಲೂ ಬೇರೆಯಾಗುತ್ತದೆ.

ಹುಟ್ಟು ಎಂಬುದನ್ನು ಒತ್ತಿ ಹೇಳಲು ಕಾರಣವಿದೆ. ಈ ಕೂದಲಿನ ಬುಡದ ಗೂಡೇ ಚರ್ಮದೊಳಗೆ ಬಾಗಿರುತ್ತದೆ, ಎಳೆ ಸುರುಳಿಯಾಗಿಯೇ ಹೊರಗೆ ಬರುತ್ತದೆ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ದುಂಡಗಿರದೆ ಚಪ್ಪಟೆಯಾಗಿ ಕಾಣುತ್ತದೆ. ನೆತ್ತಿಯಲ್ಲಿ ಒಸರುವ ಜಿಡ್ಡು ಅಷ್ಟು ಸುತ್ತು ಇಳಿದು ತುದಿ ಮುಟ್ಟಲಾರದು. ಅದರಿಂದ ತುದಿ ಒಣಗಿ ಬೇಗ ತುಂಡಾಗುತ್ತದೆ. ಒದ್ದೆಯಿದ್ದಾಗ ಎಳೆದರೆ ಭುಜ ಮುಟ್ಟುವ ಎಳೆ ಒಣಗಿದ ಮೇಲೆ ಕಿವಿಯ ಹತ್ತಿರಕ್ಕೆ ಏರಿ ನಿಲ್ಲುತ್ತದೆ.

ಈಗ ‘ಕೆದರಿದ’ಕ್ಕೆ ಬರುತ್ತೇನೆ. ಕೋಳಿ ತಿಪ್ಪೆ ಕೆದರುತ್ತದೆ, ಗಾಳಿ ತಲೆ ಕೆದರುತ್ತದೆ. ಒಮ್ಮೆ ಸರಿಯಾಗಿ ಕೂತಿದ್ದು ಆಮೇಲೆ ಚದುರಿದರೆ ಅದು ಕೆದರಿದ್ದು. ಸುರುಳಿಯಾಗಿಯೇ ಬೆಳೆದ ಕೂದಲು ಯಾವಾಗ ಕೂತಿತ್ತು, ಯಾವಾಗ ಚದುರಿತು? ‘ಸಿಕ್ಕುಗಟ್ಟಿದ’, ‘ಒರಟು’, ‘ತಲೆ ಗುಬ್ಬಿಗೂಡಾಗಿದೆ’ ಎಲ್ಲವೂ ಇದೇ ಜಾತಿಯವು. ಕೂದಲು ಹೇಗಿದೆ ಎಂದು ಹೇಳುವ ನೆಪದಲ್ಲಿ ಹೇಗಿರಬೇಕಿತ್ತು ಎಂದು ತೀರ್ಪು ಕೊಟ್ಟುಬಿಡುತ್ತವೆ. ಶಾಲೆಗಳ ನಿಯಮಗಳಲ್ಲಿ ಕೂತಿರುವುದೂ ಇದೇ ತೀರ್ಪು. ಆದ್ದರಿಂದಲೇ ಈ ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಂಡಿದ್ದೇನೆ.

2016ರ ಆಗಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ಹೈಸ್ಕೂಲ್ ಫಾರ್ ಗರ್ಲ್ಸ್‌ನ ಕಪ್ಪು ವಿದ್ಯಾರ್ಥಿನಿಯರು ಪ್ರತಿಭಟನೆಗೆ ನಿಂತಿದ್ದು ಇದೇ ಕಾರಣಕ್ಕೆ. ಮುಂದೆ ನಿಂತ ಜುಲೈಕಾ ಪಟೇಲ್‌ಗೆ ಆಗ 13 ವರ್ಷ. ಆಕೆಯ ದುಂಡನೆಯ ದಟ್ಟ ಕೂದಲು, ಎತ್ತಿ ಅಡ್ಡಹಾಕಿದ ಎರಡು ಮುಷ್ಟಿಗಳ ಚಿತ್ರವನ್ನು ನಿಮ್ಮಲ್ಲೂ ಹಲವರು ನೋಡಿರುತ್ತೀರಿ. ಶಾಲೆಯ ಆ ಕೂದಲ ನಿಯಮವನ್ನು ಕೊನೆಗೆ ಅಮಾನತಿನಲ್ಲಿ ಇಡಬೇಕಾಯಿತು. ಆ ದೇಶದಲ್ಲಿ ಕೂದಲಿಗೆ ಇನ್ನೂ ಕೆಟ್ಟ ನೆನಪಿದೆ. 1950ರ ಜನಸಂಖ್ಯಾ ನೋಂದಣಿ ಕಾಯಿದೆ ಪ್ರತಿಯೊಬ್ಬರನ್ನೂ ಜನಾಂಗವಾಗಿ ವಿಂಗಡಿಸಿತು. ಯಾವ ಕಡೆ ಸೇರಿಸಬೇಕೆಂಬ ಅನುಮಾನ ಬಂದಾಗ ಅಧಿಕಾರಿಗಳು ಕೂದಲಿನೊಳಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯರು, ನಿಂತರೆ ಅಲ್ಲ. ಕಾಯಿದೆ ರದ್ದಾದದ್ದು 1991ರಲ್ಲಿ.

ನಮ್ಮ ಪಕ್ಕದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾನು ನೋಡಿದ್ದನ್ನು ಹೇಳಬೇಕು, ಏಕೆಂದರೆ ನನ್ನ ಮುಂದಿನ ಪದ ಅಲ್ಲಿಂದ ಬಂತು. ತಾಯಿ ಸೋಫಾದ ಮೇಲೆ, ಮಗಳು ಕೆಳಗೆ ಆಕೆಯ ಮೊಣಕಾಲುಗಳ ನಡುವೆ. ಕೂದಲಿಗೆ ನೀರು ಚಿಮುಕಿಸಿ, ಕೈಯಿಂದ ಎಣ್ಣೆ ಸವರಿ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬುಡದ ಕಡೆಗೆ ಸ್ವಲ್ಪಸ್ವಲ್ಪವೇ ಬಿಡಿಸುತ್ತ ಬಂದರು. ಬಾಚಣಿಗೆಯ ಚೂಪು ಬಾಲದಿಂದ ನೆತ್ತಿಯ ಮೇಲೆ ಗೆರೆ ಎಳೆದು ಬೈತಲೆ ತೆಗೆದರು. ಒಂದೊಂದು ಬೈತಲೆಯ ನಡುವೆ ನೆತ್ತಿಗೆ ಅಂಟಿದಂತೆ ಮೂರೆಳೆಯ ಜಡೆ, ಪ್ರತಿ ಸುತ್ತಿಗೂ ಬುಡದಿಂದ ಒಂದಿಷ್ಟು ಕೂದಲು ಸೇರಿಸಿಕೊಳ್ಳುತ್ತ. ಹೊಲದಲ್ಲಿ ಸಾಲು ಹೊಡೆದ ಹಾಗೆ ಹಣೆಯಿಂದ ಕುತ್ತಿಗೆಯವರೆಗೆ ಹನ್ನೊಂದು ಸಾಲು ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಎಣ್ಣೆ ಯಾವುದೆಂದು ಶೀಶೆ ನೋಡಿದೆ: ಹರಳೆಣ್ಣೆ. ಜಮೈಕಾದ ರೀತಿಯಲ್ಲಿ ಬೀಜ ಹುರಿದು ತೆಗೆದದ್ದು, ಕಂದು ಬಣ್ಣ. ವಾಸನೆ ಮಾತ್ರ ನಮ್ಮ ಅಜ್ಜಿಯ ಸೆರಗಿನದೇ.

ಹೀಗೆ ಕಟ್ಟಿಟ್ಟರೆ ಎರಡು ವಾರ ಬಾಚಣಿಗೆ ತಾಗಿಸಬೇಕಿಲ್ಲ, ಕೂದಲು ತುಂಡಾಗುವುದು ಕಡಿಮೆ. ಇಂಥವಕ್ಕೆ ಇಲ್ಲಿಯವರು ‘ಪ್ರೊಟೆಕ್ಟಿವ್ ಸ್ಟೈಲ್’ ಎನ್ನುತ್ತಾರೆ. ಒಬ್ಬ ಅನುವಾದಕರು ಇದನ್ನು ‘ರಕ್ಷಣಾತ್ಮಕ ಕೇಶವಿನ್ಯಾಸ’ ಎಂದು ಮಾಡಿದ್ದು ಕಂಡೆ. ‘ಕಾಪುಹೆಣಿಗೆ’ ಆಗಬಹುದೇ? ಕಾಪು ಎಂದರೆ ಕಾವಲು, ಹೆಣಿಗೆ ಎಂದರೆ ಹೆಣೆದದ್ದು. ನೆತ್ತಿಗಂಟಿದ ಆ ಜಡೆಗಳಿಗೆ, ಅಂದರೆ ಕಾರ್ನ್‌ರೋಗಳಿಗೆ, ‘ಸಾಲುಜಡೆ’ ಸಾಕು. ಮೆಕ್ಕೆಜೋಳದ ಸಾಲನ್ನು ನೋಡಿ ಅವರು ಹೆಸರಿಟ್ಟಿದ್ದು, ನಮಗೂ ಜೋಳದ ಸಾಲು ಹೊಸತಲ್ಲ.

ಇನ್ನು ಕಾನೂನಿನ ಪದಗಳು. ಇಲ್ಲಿ ನನಗೆ ನಿಮ್ಮ ನೆರವು ಹೆಚ್ಚು ಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಲಿ ಮಿಚೆಲ್ ಎಂಬ ಸೆನೆಟರ್ ತಂದ ಕ್ರೌನ್ ಕಾಯಿದೆಗೆ 2019ರ ಜುಲೈಯಲ್ಲಿ ಸಹಿ ಬಿತ್ತು. ನಾವಿರುವ ಟೆಕ್ಸಸ್‌ನಲ್ಲಿ ಅದೇ ಹೆಸರಿನ ಕಾಯಿದೆ 2023ರ ಸೆಪ್ಟೆಂಬರ್ 1ರಂದು ಜಾರಿಯಾಯಿತು. ಜನಾಂಗದೊಂದಿಗೆ ಬೆಸೆದುಕೊಂಡು ಬಂದಿರುವ ಕೂದಲ ಬಗೆ ಮತ್ತು ಕಾಪುಹೆಣಿಗೆಗಳ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡಬಾರದು ಎಂದು ಅದು ಹೇಳುತ್ತದೆ. ಬ್ರೇಡ್ (ಹೆಣೆದ ಜಡೆ), ಲಾಕ್ (ಹಗ್ಗದಂತೆ ಒಂದಕ್ಕೊಂದು ಬೆಸೆದು ಗಟ್ಟಿಯಾದ ಕೂದಲು), ಟ್ವಿಸ್ಟ್ (ಹೊಸೆದ ಕೂದಲು) ಎಂದು ಮೂರನ್ನು ಹೆಸರಿಸುತ್ತದೆ. ಜಾರಿಯಾಗುವ ಹಿಂದಿನ ದಿನ, ಆಗಸ್ಟ್ 31ಕ್ಕೆ, ನಮ್ಮಲ್ಲಿಂದ ಪೂರ್ವಕ್ಕೆ ಗಂಟೆಯೊಳಗಿನ ದಾರಿಯಲ್ಲಿರುವ ಮಾಂಟ್ ಬೆಲ್ವ್ಯೂದ ಬಾರ್ಬರ್ಸ್ ಹಿಲ್ ಹೈಸ್ಕೂಲಿನಲ್ಲಿ ಒಬ್ಬ ಹುಡುಗನನ್ನು ತರಗತಿಯಿಂದ ಹೊರಗಿಟ್ಟರು. ಅವನು ತನ್ನ ಲಾಕ್‌ಗಳನ್ನು ಹೊಸೆದು ನೆತ್ತಿಯ ಮೇಲೆ ಕಟ್ಟಿಕೊಂಡಿದ್ದ. ಹುಡುಗರ ಕೂದಲು ‘ಇಳಿಬಿಟ್ಟಾಗ’ ಹುಬ್ಬು, ಕಿವಿಯ ಹಾಲೆ, ಅಂಗಿಯ ಕತ್ತುಪಟ್ಟಿ ದಾಟಬಾರದೆಂಬುದು ಶಾಲೆಯ ನಿಯಮ. ಅವನು ಇಳಿಬಿಟ್ಟಿರಲಿಲ್ಲ. ಇಳಿಬಿಟ್ಟಿದ್ದರೆ ದಾಟುತ್ತಿತ್ತು ಎಂದು ಶಿಕ್ಷೆ. ಆ ಇಡೀ ವರ್ಷದ ಹೆಚ್ಚುಪಾಲು ಅವನು ಓರಗೆಯವರಿಂದ ಬೇರೆಯಾಗಿ ಕೂತ. 2024ರ ಫೆಬ್ರುವರಿ 22ರಂದು ನ್ಯಾಯಾಧೀಶರು, ಕಾಯಿದೆಯು ಉದ್ದದ ಮಿತಿಯನ್ನು ತಡೆಯುವುದಿಲ್ಲ ಎಂದು ತೀರ್ಪಿತ್ತರು. ‘ಉದ್ದ’ ಎಂಬ ಒಂದು ಪದ ಕಾಯಿದೆಯಲ್ಲಿ ಇರಲಿಲ್ಲ. ಉದ್ದವೇ ಇಲ್ಲದೆ ಜಡೆ ಹೆಣೆಯುವುದು ಹೇಗೆಂದು ಜಡೆ ಹಾಕಿದವರನ್ನು ಯಾರಾದರೂ ಕೇಳಬೇಕಿತ್ತು. ಆ ತೀರ್ಪು ಓದಿದ ದಿನದಿಂದ ನನಗೆ ಪದಗಳ ವಿಷಯದಲ್ಲಿ ಉದಾಸೀನ ಮಾಡಲಾಗುತ್ತಿಲ್ಲ.

ಅನುವಾದಿಸುವವರು ಶಾಲೆಯ ನಿಯಮದ ಆ ‘ಇಳಿಬಿಟ್ಟಾಗ’ಕ್ಕೆ ‘ಬಿಚ್ಚಿದಾಗ’ ಎಂದು ಬರೆಯದಿರಲಿ. ಹೆಣೆದದ್ದನ್ನು ಬಿಚ್ಚಬಹುದು, ಲಾಕ್‌ಗಳನ್ನು ಸುಲಭವಾಗಿ ಬಿಚ್ಚಲಾಗದು, ಸಾಮಾನ್ಯವಾಗಿ ಕತ್ತರಿಸಬೇಕಾಗುತ್ತದೆ. ಕಟ್ಟಿದ್ದನ್ನು ಸಡಿಲಿಸಿ ಇಳಿಬಿಡುವುದು ಬೇರೆ.

ಆ ‘ಲಾಕ್’ಗೆ ಏನೆನ್ನೋಣ? ಎಲ್ಲರಿಗೂ ಮೊದಲು ನೆನಪಾಗುವುದು ‘ಜಟೆ’. ಸಂಸ್ಕೃತದ ಜಟಾ ಕನ್ನಡಕ್ಕೆ ಜಡೆಯಾಗಿ ಬಂದು, ಎಣ್ಣೆ ಹಚ್ಚಿ ರಿಬ್ಬನ್ ಕಟ್ಟಿದ ಶಾಲಾ ಹುಡುಗಿಯ ಎರಡು ಜಡೆಗೆ ಹೆಸರಾಯಿತು. ಮೂಲ ಪದ ಶಿವನ ತಲೆಯಲ್ಲೇ ಉಳಿಯಿತು. ಒಂದೇ ಪದದ ಒಂದು ರೂಪ ಶಾಲೆಯ ಶಿಸ್ತಿಗೂ ಇನ್ನೊಂದು ರೂಪ ಕಾಡಿನ ತಪಸ್ಸಿಗೂ ಸಂದಿವೆ. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಆದರೂ ಲಾಕ್‌ಗೆ ಜಟೆ ಎನ್ನಲು ನನಗೆ ಹಿಂಜರಿಕೆ. ಸವದತ್ತಿಯ ಸುತ್ತ ಹೆಣ್ಣುಮಗುವಿನ ತಲೆಯಲ್ಲಿ ಕೂದಲು ಗಂಟುಗಟ್ಟಿ ‘ಜಡಿ’ ಬಂದರೆ ಯಲ್ಲಮ್ಮ ಕರೆದಳೆಂದು ತಿಳಿದು ದೇವದಾಸಿ ಬಿಡುತ್ತಿದ್ದರು. ಅದನ್ನು ನಿಷೇಧಿಸಲು 1982ರ ಕಾಯಿದೆ ಬೇಕಾಯಿತು. ಅಲ್ಲಿ ಜಡಿ ಕತ್ತರಿಸಿಕೊಂಡ ಹುಡುಗಿ ಬಿಡುಗಡೆಯಾದಳು, ಇಲ್ಲಿ ಕತ್ತರಿಸೆಂದು ಒತ್ತಾಯಿಸಿದರೆ ಹುಡುಗ ಅವಮಾನಿತನಾಗುತ್ತಾನೆ. ಇವೆರಡಕ್ಕೂ ಒಂದೇ ಪದ ಬಳಸಿದರೆ ಓದುಗರ ಮನಸ್ಸಿನಲ್ಲಿ ಗೊಂದಲವಾಗುತ್ತದೆ. ನನ್ನ ಸಲಹೆ ‘ಹುರಿ’ ಅಥವಾ ‘ಹುರಿಗೂದಲು’. ನಾರು ಹೊಸೆದರೆ ಹುರಿ, ಲಾಕ್ ಕಾಣುವುದೂ ಹಾಗೆಯೇ, ಹೊಲಸೆಂಬ ಸೋಂಕಿಲ್ಲ. ಇಲ್ಲಿಯವರೂ ಮುಂಚಿನ ‘ಡ್ರೆಡ್’ ಎಂಬ ಭಯದ ಪದವನ್ನು ಬಿಟ್ಟು ಬರೀ ‘ಲಾಕ್ಸ್’ ಎನ್ನತೊಡಗಿದ್ದಾರೆ. ಹೀಗೆ ಕಾಯಿದೆಯ ಮೂರು ಪದ ‘ಹೆಣೆದ, ಹುರಿಗಟ್ಟಿದ, ಹೊಸೆದ’ ಎಂದಾಗುತ್ತವೆ.

ಶಾಲೆಯ ನಿಯಮಗಳಲ್ಲಿ ಬರುವ ‘ನೀಟ್’ ಒಂದು ಉಳಿಯಿತು. ‘ಅಚ್ಚುಕಟ್ಟು’ ಎಂದರೆ ಅಚ್ಚಿಗೆ ಕಟ್ಟಿದ್ದು ಎಂದು ಬಿಡಿಸಿ ನೋಡಬಹುದು. ಯಾರ ಅಚ್ಚು ಎಂಬುದೇ ಇಲ್ಲಿನ ಜಗಳ, ಆದ್ದರಿಂದ ಶಾಲೆಯ ನಿಯಮದ ಅನುವಾದಕ್ಕೆ ಅದೇ ಸರಿಯಾದ ಪದ. ‘ಓರಣ’ವನ್ನು ನಾನು ಸಾಲುಜಡೆಗೆ ಉಳಿಸಿಕೊಳ್ಳುತ್ತೇನೆ, ಓರಣದ ಒಂದು ಅರ್ಥ ಸಾಲೇ ಅಲ್ಲವೇ! ಲಂಡನ್ನಿನಲ್ಲಿ ಸೇಂಟ್ ಗ್ರೆಗರಿ ಎಂಬ ಶಾಲೆ 11 ವರ್ಷದ ಹುಡುಗನನ್ನು ಸಾಲುಜಡೆ ಹಾಕಿದ್ದಕ್ಕೆ ಮೊದಲ ದಿನವೇ ಹೊರಗೆ ಕಳಿಸಿತ್ತು. 2011ರಲ್ಲಿ ಅಲ್ಲಿನ ಹೈಕೋರ್ಟು ಇದನ್ನು ಜನಾಂಗದ ಆಧಾರದ ಪರೋಕ್ಷ ತಾರತಮ್ಯ ಎಂದಿತು. ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೂ ಭಾರ ಕೆಲವರ ಮೇಲೇ ಬಿದ್ದರೆ ಅದು ಪರೋಕ್ಷ. ಪತ್ರಿಕೆಗಳು ‘ಭೇದಭಾವ’ ಎಂದು ಬರೆಯುತ್ತವೆ. ಅಲ್ಲಿ ‘ಭಾವ’ ಇರುವುದರಿಂದ ಯಾರದೋ ಮನಸ್ಸಿನ ಕೆಡುಕನ್ನು ಹುಡುಕಬೇಕಾಗುತ್ತದೆ. ತಾರತಮ್ಯವೇ ಇರಲಿ.

ಕೊನೆಗೆ ‘ಕ್ರೌನ್’. ಇಂಗ್ಲಿಷಿನಲ್ಲಿ ಅದು ಕಿರೀಟವೂ ಹೌದು, ನಡುನೆತ್ತಿಯೂ ಹೌದು. ಕನ್ನಡದಲ್ಲಿ ಈ ಸೊಗಸು ಕಳೆದುಹೋಗುತ್ತದೆಂದು ಎರಡು ದಿನ ಕೊರಗಿದೆ. ಆಮೇಲೆ ಮೇಲುಕೋಟೆ ನೆನಪಾಯಿತು. ಚೆಲುವನಾರಾಯಣನ ವೈರಮುಡಿ ಎಂದರೆ ವಜ್ರದ ಕಿರೀಟ. ತುಳುನಾಡಿನ ಭೂತದ ತಲೆಯ ಮೇಲೇರುವುದೂ ಮುಡಿ. ಹೂ ಮುಡಿಯುವ ತಲೆಯೂ, ಹರಕೆಗೆ ಕೊಡುವ ಕೂದಲೂ ಮುಡಿಯೇ. ‘ಮುಡಿ ಕಾಯಿದೆ’ ಎಂದು ಬರೆದರೆ ಒಪ್ಪುತ್ತೀರಾ?

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯವರು ಈ ಬಳಗದಲ್ಲಿ ಇದ್ದರೆ ಅವರಿಗೆ ವಿಶೇಷ ಕೋರಿಕೆ. ಆಫ್ರಿಕಾದ ಮೂಲದ ಸಿದ್ದಿಗಳು ತಲೆಮಾರುಗಳಿಂದ ನಿಮ್ಮ ನೆರೆಯವರು. ಮಗಳ ತಲೆ ಬಾಚುವಾಗ ಸಿದ್ದಿ ತಾಯಂದಿರು ಆ ಕೂದಲಿಗೆ, ಆ ಹೆಣಿಗೆಗೆ, ಆ ಬಾಚಣಿಗೆಗೆ ಯಾವ ಮಾತು ಬಳಸುತ್ತಾರೆ? ನಾನು ಮೇಜಿನ ಮುಂದೆ ಕೂತು ಕಟ್ಟಿದ ಪದಗಳಿಗಿಂತ ಅವರ ಬಾಯಿಯ ಮಾತು ಮೇಲು. ಸಿಕ್ಕರೆ ನನ್ನವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರನ್ನು ಕೇಳಿ, ಅವರು ಹೇಳಿದಂತೆಯೇ ಬರೆದು ಕಳಿಸಿ, ತಿದ್ದಬೇಡಿ.

ಹುಡುಗಿಯ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಮೂರನೆಯ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಹುಟ್ಟುಗುಂಗುರು?’ ಎಂದು ಬರೆದಿಟ್ಟಿದ್ದೇನೆ. ತರಗತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅಜ್ಜಿಯೂ ಬರುತ್ತಾರೆ. ಅದಕ್ಕೆ ಮುಂಚೆ ನಿಮ್ಮ ಉತ್ತರ ಬಂದರೆ ದೊಡ್ಡ ಉಪಕಾರ.