ಅಪ್‌ಡೇಟ್: ನಮ್ಮ ತರಗತಿಯ ವಿಜಯಪುರ ಪ್ರವಾಸ ಮುಗೀತು

ಒಂಬತ್ತನೇ ತರಗತಿ ಮಕ್ಕಳಿಗೆ ಒಂದೇ ದಿನದಲ್ಲಿ ವಿಜಯಪುರದಲ್ಲಿ ಏನೇನು ತೋರಿಸಲಿ ಅಂತ ಕೇಳಿದ್ದೆ. ನೋಡುವ ಜಾಗಗಳನ್ನು ಕಡಿಮೆ ಮಾಡಿ, ಗೋಳಗುಮ್ಮಟಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಎಂದಿರಿ. ಹಾಗೇ ಮಾಡಿದೆವು, ನಿಜಕ್ಕೂ ಉಪಕಾರವಾಯಿತು.

ಗದ್ದಲ ಶುರುವಾಗುವ ಮೊದಲೇ ಮೇಲೆ ಹತ್ತಿದ್ದರಿಂದ, ಗೋಡೆಗೆ ಮುಖವಿಟ್ಟು ಆಡಿದ ಪಿಸುಮಾತು ಆಚೆ ಬದಿಯಲ್ಲಿದ್ದವರಿಗೆ ಸ್ಪಷ್ಟವಾಗಿ ಕೇಳಿಸಿತು. ಹೊತ್ತೇರಿದ ಮೇಲೆ ಅಲ್ಲಿ ಬರೀ ಕಿರುಚಾಟ. ಹೊರವ್ಯಾಸ ಸುಮಾರು 44 ಮೀಟರ್ ಇರುವ ಗುಮ್ಮಟ ನಡುವೆ ಒಂದೂ ಕಂಬವಿಲ್ಲದೆ ಹೇಗೆ ನಿಂತಿದೆ ಅನ್ನೋ ಪ್ರಶ್ನೆ ಮಕ್ಕಳಿಂದಲೇ ಬಂತು. ಒಂದನ್ನೊಂದು ಹಾಯುವ ಕಮಾನುಗಳು ಅದರ ಭಾರವನ್ನು ಗೋಡೆಗಳಿಗೆ ದಾಟಿಸುವುದನ್ನು ಕೆಳಗೆ ನಿಂತು ಚಿತ್ರ ಬಿಡಿಸಿ ತೋರಿಸಿದೆ. ಪಾಠದ ಕೋಣೆಯಲ್ಲಿ ಇದು ಸಾಧ್ಯವೇ ಇರಲಿಲ್ಲ!

ನನಗೆ ಹೆಚ್ಚು ಹಿಡಿಸಿದ್ದು ಇಬ್ರಾಹಿಂ ರೋಜಾ, ಅಂದರೆ ಇಲ್ಲಿ ಆಳಿದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿ. ಆತ ತನ್ನ ಹಾಡುಗಳ ಪುಸ್ತಕ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ ಎಂದಾಗ ಮಕ್ಕಳು ಕಣ್ಣರಳಿಸಿ ಕೇಳಿದರು. ಅರ್ಧಕ್ಕೇ ನಿಂತ ಸಮಾಧಿ ಕಟ್ಟಡ ಬಾರಾಕಮಾನು, ಮಲಿಕ್-ಎ-ಮೈದಾನ್ ತೋಪು ಬೇಗ ಬೇಗ ಮುಗಿಸಿದೆವು.

ಮುಂದೆ ಹೋಗುವವರಿಗೆ: ಗೋಳಗುಮ್ಮಟದ ಎದುರಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ಬಿಟ್ಟು ಯೋಜಿಸಿ.