ಅಪ್ಪ–ಅಮ್ಮ ಇಬ್ಬರೂ ಇಲ್ಲದ ಹತ್ತನೇ ತರಗತಿ ಹುಡುಗ: ಶಾಲೆಯವರು ಮೊದಲು ಏನು ಮಾಡಬೇಕು?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಚನ್ನಗಿರಿ ತಾಲ್ಲೂಕು): ಹುಡುಗನಿಗೆ 15 ವರ್ಷ. ತಾಯಿ ತೀರಿ ಎರಡು ವರ್ಷ, ತಂದೆ ತೀರಿ ನಾಲ್ಕು ತಿಂಗಳು. ಅಜ್ಜಿ (ತಂದೆಯ ತಾಯಿ) ಮತ್ತು 12 ವರ್ಷದ ತಂಗಿಯ ಜತೆ ಇದ್ದಾನೆ. ಇವತ್ತಿನವರೆಗೂ ಅತ್ತದ್ದನ್ನು ಯಾರೂ ನೋಡಿಲ್ಲ. ಕ್ಲಾಸಿನಲ್ಲಿ ನಿದ್ದೆ, ಮಾತಾಡಿಸಿದರೆ ಸಿಡುಕು, ವಾರದಲ್ಲಿ ಎರಡು ದಿನ ಗೈರು. ಊರವರು "ಹುಡುಗ ಗಟ್ಟಿ" ಅನ್ನುತ್ತಾರೆ. ತಂಗಿಯನ್ನು ತಮ್ಮೂರಿಗೆ ಕರೆದುಕೊಂಡು ಹೋಗುತ್ತೇನೆ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ಕೌನ್ಸೆಲಿಂಗ್ ಕೊಡಿಸಬೇಕೇ, ಅಥವಾ ಇಬ್ಬರನ್ನೂ ಬಾಲಮಂದಿರಕ್ಕೆ ಸೇರಿಸುವುದು ಒಳ್ಳೆಯದೇ?

ಉತ್ತರ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ): ಮೇಡಂ, ಕೌನ್ಸೆಲಿಂಗ್ ವಿಚಾರ ಆಮೇಲೆ. ಮೊದಲು ಅವನ ಒಂದು ದಿನದ ಲೆಕ್ಕ ತೆಗೆಯಿರಿ. ಎಷ್ಟು ಗಂಟೆಗೆ ಏಳುತ್ತಾನೆ, ನೀರು ತರುವವರು ಯಾರು, ಅಡುಗೆ ಯಾರದು, ಸಂಜೆ ಎಲ್ಲಿರುತ್ತಾನೆ, ಮಲಗುವುದು ಯಾವಾಗ. ಇದನ್ನೆಲ್ಲ ಒಂದು ಹಾಳೆಯಲ್ಲಿ ಅವನೇ ಬರೆಯಲಿ. ಈಗ ನಿಮ್ಮ ಕಡೆ ಅಡಿಕೆ ಕೊಯ್ಲು. ಚೇಣಿ ಮನೆಯಲ್ಲಿ, ಅಂದರೆ ಅಡಿಕೆ ಫಸಲು ಗುತ್ತಿಗೆ ಹಿಡಿದವರಲ್ಲಿ, ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಹುಡುಗ ಬೆಳಿಗ್ಗೆ ಗಣಿತದ ಕ್ಲಾಸಿನಲ್ಲಿ ತೂಕಡಿಸಿದರೆ ಅದು ಖಿನ್ನತೆಯಲ್ಲ, ಆಯಾಸ. ಎರಡಕ್ಕೂ ಮದ್ದು ಬೇರೆ. ಗೈರಾಗುವ ಎರಡು ದಿನ ಕೂಲಿಯ ದಿನವೋ, ಸಂತೆಯ ದಿನವೋ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೋ ಎಂಬುದೂ ಆ ಹಾಳೆಯಲ್ಲೇ ಗೊತ್ತಾಗುತ್ತದೆ.

"ಹುಡುಗ ಗಟ್ಟಿ" ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ತಿಥಿಯ ದಿನ ನೆಂಟರೆಲ್ಲ ಹೆಗಲ ಮೇಲೆ ಕೈಯಿಟ್ಟು "ಇನ್ಮೇಲೆ ಮನೆಗೆ ನೀನೇ ದೊಡ್ಡವನು" ಅಂದಿರುತ್ತಾರೆ. ಈ ವಯಸ್ಸಿನ ಹುಡುಗರು ಅದನ್ನು ಆಜ್ಞೆ ಅಂತಲೇ ತಗೊಳ್ಳುತ್ತಾರೆ. ಅತ್ತರೆ ಅಜ್ಜಿ ಕುಸಿಯುತ್ತಾಳೆ, ತಂಗಿ ಹೆದರುತ್ತಾಳೆ ಎಂದು ಅಳುವನ್ನು ನುಂಗುತ್ತಾರೆ. ಅದು ಸಿಡುಕಾಗಿ ಹೊರಗೆ ಬರುತ್ತದೆ. ಹಾಗಂತ ಜವಾಬ್ದಾರಿಯನ್ನೆಲ್ಲ ಕಿತ್ತುಕೊಳ್ಳುವುದೂ ತಪ್ಪು. ಹಸುವಿಗೆ ಹುಲ್ಲು ಹಾಕುವುದು, ತಂಗಿಗೆ ಪಾಠ ಹೇಳಿಕೊಡುವುದು ಇರಲಿ, ಅದರಿಂದ ಅವನಿಗೂ ಒಂದು ಬಲ. ತಾನು ಒಂದು ದಿನ ತಪ್ಪಿಸಿದರೆ ಒಲೆ ಹತ್ತುವುದಿಲ್ಲ ಎನ್ನುವಂಥ ಹೊರೆ ಮಾತ್ರ ಅವನ ಮೇಲೆ ಇರಬಾರದು.

ಶಾಲೆಯಲ್ಲಿ ಒಬ್ಬರು, ಒಬ್ಬರೇ, ಅವನ ಪಾಲಿಗೆ ಗೊತ್ತಾದ ಹಿರಿಯರಾಗಬೇಕು. ವಾರಕ್ಕೆ ಎರಡು ಸಲ, ಅದೇ ದಿನ, ಅದೇ ಹೊತ್ತು, ಹತ್ತು ನಿಮಿಷ ಸಾಕು. ಎದುರು ಕೂರಿಸಿಕೊಂಡು "ಹೇಗಿದ್ದೀಯ" ಅಂದರೆ "ಚೆನ್ನಾಗಿದ್ದೀನಿ" ಅಂತಾನೆ, ಅಲ್ಲಿಗೆ ಮುಗಿಯಿತು. ನೋಟ್‌ಬುಕ್ ಜೋಡಿಸುತ್ತಲೋ ಪ್ರಯೋಗಾಲಯ ಒರೆಸುತ್ತಲೋ ಪಕ್ಕದಲ್ಲಿರಿ. "ಅಪ್ಪನ ವಿಷಯ ಮಾತಾಡಬೇಕು ಅನ್ನಿಸಿದರೆ ನಾನಿದ್ದೇನೆ, ಬೇಡ ಅಂದರೆ ಲೆಕ್ಕ ಮಾಡೋಣ" ಎಂದು ಒಮ್ಮೆ ಹೇಳಿ ಬಿಟ್ಟುಬಿಡಿ. ನೀವು ರಜೆ ಹಾಕುವುದಾದರೆ ಮುಂಚೆಯೇ ತಿಳಿಸಿ. ಹೇಳದೆ ಮಾಯವಾಗುವವರನ್ನು ಅವನು ಈಗಾಗಲೇ ಇಬ್ಬರನ್ನು ನೋಡಿದ್ದಾನೆ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ತೀರಾ ಕಷ್ಟದಲ್ಲಿ ಬೆಳೆದವರ ಪೈಕಿ ಸುಮಾರು ಮೂರರಲ್ಲೊಂದು ಪಾಲು ಚೆನ್ನಾಗಿಯೇ ಬಾಳಿದರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು ಇದೇ: ಕೈಬಿಡದ ಒಬ್ಬ ಹಿರಿಯರು. ಅವರು ತಂದೆ ತಾಯಿಯೇ ಆಗಿರಬೇಕಿರಲಿಲ್ಲ.

ಇನ್ನೊಂದು ಕೆಲಸ ಇವತ್ತೇ ಆಗಲಿ. ಮನೆಯಲ್ಲಿ ಕೀಟನಾಶಕ, ಕಳೆನಾಶಕ ಇದ್ದರೆ ನೆರೆಮನೆಗೆ ಸಾಗಿಸಿ, ಅಥವಾ ಬೀಗ ಹಾಕಿ ಬೀಗದ ಕೈಯನ್ನು ಬೇರೆಯವರ ಹತ್ತಿರ ಕೊಡಿಸಿ. ಹದಿಹರೆಯದ ಆತುರದ ಗಳಿಗೆ ಹೆಚ್ಚಾಗಿ ಕೆಲವೇ ನಿಮಿಷದ್ದು. ಆ ಹೊತ್ತಿಗೆ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. "ನಾನೂ ಅಪ್ಪನ ಹತ್ತಿರ ಹೋಗ್ತೀನಿ" ಎನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಕೈ ಕುಯ್ದುಕೊಂಡ ಗುರುತು, ಕುಡಿತ ಕಂಡರೆ ಕಾಯಬೇಡಿ. "ಸಾಯಬೇಕು ಅನ್ನಿಸುತ್ತಾ?" ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಇವು ಯಾವುದೂ ಇಲ್ಲದಿದ್ದರೂ, ಆರು ತಿಂಗಳು ದಾಟಿ ಊಟ, ನಿದ್ದೆ, ಓದು ಒಂದೂ ಹಳಿಗೆ ಬಾರದಿದ್ದರೆ ಮನೋವೈದ್ಯರಿಗೆ ತೋರಿಸಿ.

ಪಿತೃಪಕ್ಷ, ವರ್ಷದ ತಿಥಿಯ ಆಸುಪಾಸಿನಲ್ಲಿ ಎಲ್ಲವೂ ಒಮ್ಮೆ ಹದಗೆಡುತ್ತದೆ. ಗಾಬರಿ ಬೇಡ, ಆ ವಾರ ಕಿರುಪರೀಕ್ಷೆ ಇಡದಿದ್ದರೆ ಸಾಕು.

ಉತ್ತರ (ಮಕ್ಕಳ ರಕ್ಷಣೆಯ ಕ್ಷೇತ್ರ ಕಾರ್ಯಕರ್ತ): ಬಾಲಮಂದಿರ ಕೊನೆಯ ದಾರಿ. ನೋಡಿಕೊಳ್ಳುವ ಅಜ್ಜಿ ಇರುವಾಗ ಮಕ್ಕಳನ್ನು ಮನೆಯಲ್ಲೇ ಉಳಿಸಿ ಹಣದ ನೆರವು ಕೊಡುವ ವ್ಯವಸ್ಥೆ ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂ. ಮೀರಿರಬಾರದು. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ದಾರಿ ಗೊತ್ತಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಇಬ್ಬರು ಮಕ್ಕಳಿಗೆ ಎರಡು ಅರ್ಜಿ. ಒಂದೇ ಅರ್ಜಿಯಲ್ಲಿ ಇಬ್ಬರ ಹೆಸರು ಬರೆದು ತಿಂಗಳು ಕಳೆಯುವವರೇ ಜಾಸ್ತಿ.

ತಂದೆ ತಾಯಿ ಇಬ್ಬರ ಮರಣ ಪ್ರಮಾಣಪತ್ರ, ಅಜ್ಜಿ ಮತ್ತು ಮಕ್ಕಳ ಆಧಾರ್, ಪಡಿತರ ಚೀಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ನಿಮ್ಮ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಮಗುವಿನ ಹೆಸರಿನ ಬ್ಯಾಂಕ್ ಪಾಸ್‌ಬುಕ್ ಸಿದ್ಧವಿರಲಿ. ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಮತ್ತೆ 15 ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತನ್ನು ಹೊಸದಾಗಿ ಕೊಡಬೇಕು, ಅದನ್ನು ಯಾರೂ ಮಾಡಿಸಿರುವುದಿಲ್ಲ. ಹುಡುಗನಿಗೆ ಇದನ್ನು ಮೊದಲು ಮುಗಿಸಿ.

ಎಸ್ಸೆಸ್ಸೆಲ್ಸಿಗೆ ಶೇ. 75 ಹಾಜರಿ ಬೇಕಲ್ಲ, ಇಲ್ಲಿಯವರೆಗಿನ ದಿನಗಳನ್ನು ಎಣಿಸಿ ಇನ್ನೆಷ್ಟು ತಪ್ಪಿಸಬಹುದು ಎಂದು ಹುಡುಗನಿಗೆ ಅಂಕಿಯಲ್ಲೇ ತೋರಿಸಿ. ಬೈಯುವುದಕ್ಕಿಂತ ಅದು ನಾಟುತ್ತದೆ. ಶಾಲೆ ಬಿಟ್ಟರೆ ಪ್ರಾಯೋಜಕತ್ವವೂ ನಿಲ್ಲುತ್ತದೆ.

ತಂಗಿಯನ್ನು ಬೇರೆ ಊರಿಗೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಇಬ್ಬರನ್ನು ಕಳೆದುಕೊಂಡವಳು ಅಣ್ಣನನ್ನೂ ಶಾಲೆಯನ್ನೂ ಕಳೆದುಕೊಳ್ಳುತ್ತಾಳೆ. ಹೀಗೆ ಹೋದ ಹುಡುಗಿಯರು ಮನೆಗೆಲಸಕ್ಕೆ ನಿಂತು, ಎರಡು ಮೂರು ವರ್ಷಕ್ಕೆ ಮದುವೆಯ ಮಾತು ಬರುವುದು ಅಪರೂಪವಲ್ಲ. 2016ರ ಕರ್ನಾಟಕ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ನಡೆದ ಗಳಿಗೆಯಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಅದು ಮದುವೆಯೇ ಅಲ್ಲ. ದೊಡ್ಡಪ್ಪ ಪಟ್ಟು ಹಿಡಿದರೆ ಮಕ್ಕಳ ಕಲ್ಯಾಣ ಸಮಿತಿಗೆ ಒಂದು ಪತ್ರ ಬರೆಯಿರಿ. ಹುಡುಗಿ ಏನನ್ನುತ್ತಾಳೆ ಎಂದು ಕೇಳಿ ಸಮಿತಿ ನಿರ್ಧರಿಸುತ್ತದೆ.

ಅಂದ ಹಾಗೆ, ಬ್ಯಾಗು ಪುಸ್ತಕ ಕೊಡುವ ದಾನಿಗಳ ಫೋಟೊ ವಾಟ್ಸಾಪ್ ಗುಂಪಿಗೆ ಬೀಳದ ಹಾಗೆ ನೋಡಿಕೊಳ್ಳಿ. ಇಂಥ ಮಗುವಿನ ಗುರುತು ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ: ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ. ಪ್ರಾರ್ಥನೆಯ ಹೊತ್ತಿನಲ್ಲಿ "ತಬ್ಬಲಿ ಮಕ್ಕಳು" ಎಂದು ಕರೆದು ಮುಂದೆ ನಿಲ್ಲಿಸುವುದಕ್ಕೆ ಯಾವ ಕಲಮೂ ಬೇಡ, ಅದು ತಪ್ಪು ಎಂದು ನೋಡಿದವರಿಗೇ ಗೊತ್ತಾಗುತ್ತದೆ.

ಮರುಪ್ರಶ್ನೆ (ಶಿಕ್ಷಕಿ): ದಿನದ ಲೆಕ್ಕ ಬರೆಸಿದೆ. ನೀವಂದದ್ದು ಸರಿ, ರಾತ್ರಿ ಅಡಿಕೆ ಸುಲಿಯುತ್ತಿದ್ದಾನೆ. ತಾಯಿ ಸಂಘದಲ್ಲಿ ಮಾಡಿದ್ದ ಸಾಲ ತೀರಿಸಬೇಕಂತೆ, ವಸೂಲಿಯವರು ಮನೆಗೆ ಬರುತ್ತಾರಂತೆ. ತಂದೆಯ ಹೆಸರಿನಲ್ಲಿ ಎರಡು ಎಕರೆ ಇದೆ. ಮಾರಿ ಸಾಲ ತೀರಿಸೋಣ ಅಂತ ದೊಡ್ಡಪ್ಪ.

ಉತ್ತರ (ವಕೀಲರು): ಹುಡುಗ ಆ ಸಾಲಕ್ಕೆ ಸಹಿ ಹಾಕಿಲ್ಲ, ದುಡಿದು ತೀರಿಸುವ ಹೊಣೆ ಅವನದಲ್ಲ. ತೀರಿಹೋದವರ ಸಾಲ ಅವರು ಬಿಟ್ಟುಹೋದ ಆಸ್ತಿಯಷ್ಟಕ್ಕೇ ಸೀಮಿತ. ಸಾಲದ ಜತೆ ವಿಮೆ ಇತ್ತೇ ಎಂದು ಸಂಘದಿಂದ ಲಿಖಿತವಾಗಿ ಕೇಳಿ. ಎಷ್ಟೋ ಸಲ ಕಂತಿನಲ್ಲೇ ಅದರ ಹಣ ಹಿಡಿದಿರುತ್ತಾರೆ. ಮನೆಗೆ ಬಂದು ಬೆದರಿಸಿದರೆ ಕಿರುಸಾಲದ ಬಲವಂತದ ವಸೂಲಿ ತಡೆಯುವ 2025ರ ಕರ್ನಾಟಕ ಕಾನೂನಿನಡಿ ಠಾಣೆಗೆ ದೂರು ಕೊಡಬಹುದು.

ತಂದೆ ತಾಯಿಯ ಬ್ಯಾಂಕ್ ಪಾಸ್‌ಬುಕ್ ತಪ್ಪದೆ ನೋಡಿ. ಮೇ ಕೊನೆಯ ಹೊತ್ತಿಗೆ 436 ರೂ. ಕಡಿತವಾಗಿದ್ದರೆ ಅದು ಜೀವನ ಜ್ಯೋತಿ ವಿಮೆ, ಪರಿಹಾರ 2 ಲಕ್ಷ ರೂ. 20 ರೂ. ಕಡಿತ ಅಪಘಾತ ವಿಮೆಯದು. ಹಣ ಕಡಿತವಾದ ಗಳಿಗೆಯಲ್ಲಿ ಯಾರೂ ಗಮನಿಸಿರುವುದಿಲ್ಲ, ಹಾಗಾಗಿ ಕ್ಲೇಮೂ ಮಾಡಿರುವುದಿಲ್ಲ.

ಜಮೀನು ತಂದೆಯ ಸ್ವಯಾರ್ಜಿತವಾದರೆ ಅಜ್ಜಿ, ಹುಡುಗ, ತಂಗಿ ಮೂವರಿಗೂ ಸಮಪಾಲು. ಪೌತಿ ಖಾತೆಗೆ (ತೀರಿದವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಮಾಡಿಸುವುದು) ಅರ್ಜಿ ಹಾಕಿ ಮೂವರ ಹೆಸರೂ ಪಹಣಿಗೆ ಬರಲಿ, ಬರೀ ಅಜ್ಜಿ ಹೆಸರಿಗೆ ಮಾಡಿಸಿದರೆ ಸಾಲದು. ಮಕ್ಕಳ ಪಾಲನ್ನು ಮಾರಲು ದೊಡ್ಡಪ್ಪನಿಗೆ ಅಧಿಕಾರವಿಲ್ಲ. 1956ರ ಹಿಂದೂ ಅಪ್ರಾಪ್ತರ ಕಾಯ್ದೆಯ 11ನೇ ಕಲಮು ಅದನ್ನು ತಡೆಯುತ್ತದೆ. ಮಾರಲೇಬೇಕಾದರೆ ಪಾಲಕರ ನೇಮಕಕ್ಕೂ ಮಾರಾಟಕ್ಕೂ ನ್ಯಾಯಾಲಯದ ಅನುಮತಿ ಬೇಕು. ದೊಡ್ಡಪ್ಪನ ಜತೆ ಭಾಗವಾಗದ ಪಿತ್ರಾರ್ಜಿತವಾದರೆ ಲೆಕ್ಕವೇ ಬೇರೆ, ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ ಹಿಡಿದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ; ಮಕ್ಕಳಿಗೆ ಅಲ್ಲಿ ವಕೀಲರು ಉಚಿತ.

ಮಕ್ಕಳ ರಕ್ಷಣೆಯ ಕಾರ್ಯಕರ್ತ: ವಕೀಲರ ಮಾತಿಗೆ ಒಂದು ಸೇರಿಕೆ. ಪ್ರಾಯೋಜಕತ್ವ 18ಕ್ಕೆ ನಿಲ್ಲುತ್ತದೆ. ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲಲು ಕೊಡುವ ಅನುಪಾಲನಾ ನೆರವು ಬಾಲಮಂದಿರದಂಥ ಸಂಸ್ಥೆಯಿಂದ ಹೊರಬಂದವರಿಗೆ, ಅಜ್ಜಿ ಮನೆಯಲ್ಲಿ ಬೆಳೆದವರಿಗಲ್ಲ. ಆದ್ದರಿಂದ ವಿಮೆಯ ಹಣ ಬಂದರೆ ಸಾಲಕ್ಕೆ ಸುರಿಯಬೇಡಿ. ಇಬ್ಬರ ಹೆಸರಲ್ಲೂ ಬೇರೆ ಬೇರೆ ಠೇವಣಿ ಇಡಿಸಿ. ಹುಡುಗನಿಗೆ ಅದು ಪಿಯುಸಿ ಮುಗಿಯುವ ತಿಂಗಳಿಗೆ ಕೈಗೆ ಬರುವಂತಿರಲಿ.