ಬಾಡಿಗೆ ಮನೆ ಚೆಕ್ ಮಾಡಿ ಲೈಸೆನ್ಸ್ ಕೊಡುವ ಆಫೀಸು ಮೈಸೂರಲ್ಲಿ ಇದೆಯಾ?

ಸರಸ್ವತಿಪುರಂ_ಬಾಡಿಗೆ ಕೇಳಿದ್ದು:

ನಮಸ್ಕಾರ ಎಲ್ಲರಿಗೂ. ಸರಸ್ವತಿಪುರಂನಲ್ಲಿ ಕೆಳಮನೆ ಬಾಡಿಗೆಗೆ ಇದ್ದೇವೆ. ನಾನು, ನಮ್ಮನೆಯವರು, ಎರಡನೇ ಕ್ಲಾಸ್ ಓದುವ ಮಗ. ಬಾಡಿಗೆ 11,000, ಅಡ್ವಾನ್ಸ್ ಒಂದು ಲಕ್ಷ. ಗಾಳಿ ಬೆಳಕು ಚೆನ್ನಾಗಿದೆ, ಸ್ಕೂಲಿಗೆ ನಡೆದೇ ಹೋಗಬಹುದು, ಮನೆ ಬಿಡಲು ಮನಸ್ಸಿಲ್ಲ.

ತೊಂದರೆ ಏನೆಂದರೆ, ಮೇಲಿನ ಮನೆ ಬಾತ್‌ರೂಮಿನ ನೀರು ನಮ್ಮ ಪ್ಯಾಸೇಜಿನ ಸೀಲಿಂಗಿಗೆ ಇಳಿಯುತ್ತಿದೆ. ಪೇಂಟು ಹಪ್ಪಳದ ಹಾಗೆ ಎದ್ದಿದೆ, ಮುಟ್ಟಿದರೆ ಪುಡಿ ಉದುರುತ್ತದೆ. ಅದೂ ಇರಲಿ ಅಂದುಕೊಳ್ಳಬಹುದಿತ್ತು, ಆದರೆ ಗೋಡೆ ಮೇಲೆ ಆ ಒದ್ದೆ ಗುರುತು ನೇರವಾಗಿ ಸ್ವಿಚ್ ಬೋರ್ಡ್ ತನಕ ಬಂದಿದೆ. ಮೊನ್ನೆ ಮಗ ಲೈಟ್ ಹಾಕಲು ಹೋಗಿ "ಅಮ್ಮಾ, ಕೈ ಜುಂ ಅಂತು" ಅಂದ. ಆವತ್ತಿಂದ ಆ ಬೋರ್ಡಿಗೆ ಟೇಪ್ ಸುತ್ತಿ ಬಿಟ್ಟಿದ್ದೇನೆ. ಓನರ್ ಅಂಕಲ್‌ಗೆ ಹೇಳಿದರೆ "ಮಳೆಗಾಲ ಮುಗೀಲಿ ಕಣಮ್ಮ, ನೋಡೋಣ" ಅನ್ನುತ್ತಾರೆ. ಬಾತ್‌ರೂಮ್ ನೀರಿಗೂ ಮಳೆಗಾಲಕ್ಕೂ ಏನು ಸಂಬಂಧ ಅಂತ ಕೇಳಲಿಲ್ಲ, ಹಿರಿಯರು.

ನಮ್ಮ ಮೈದುನ ಅಮೆರಿಕದ ಮಿಷಿಗನ್‌ನಲ್ಲಿ, ಈಸ್ಟ್ ಲ್ಯಾನ್ಸಿಂಗ್ ಅನ್ನುವ ಊರಲ್ಲಿ ಓದುತ್ತಿದ್ದಾನೆ. ವಿಷಯ ಹೇಳಿದರೆ ಅವನು ಕೇಳಿದ್ದು, "ಅತ್ತಿಗೆ, ಆ ಮನೆಗೆ ಲೈಸೆನ್ಸ್ ಕೊಟ್ಟವರು ಯಾರು?" ಅಲ್ಲಿ ಮನೆ ಬಾಡಿಗೆಗೆ ಕೊಡಲು ನಗರಸಭೆಯ ಲೈಸೆನ್ಸ್ ಬೇಕಂತೆ, ಹೌಸಿಂಗ್ ಕಮಿಷನ್ ಅಂತಲೇ ಒಂದು ಇದೆಯಂತೆ. ನಮ್ಮಲ್ಲಿ ಆ ಥರ ಯಾರಾದರೂ ಇದ್ದಾರಾ? ಪಾಲಿಕೆಗೆ ಹೋಗಬೇಕಾ, ನಗರಾಭಿವೃದ್ಧಿ ಪ್ರಾಧಿಕಾರ ಮುಡಾಗಾ, ಕರೆಂಟಿನವರ ಸೆಸ್ಕ್‌ಗಾ? ಜಗಳ ಬೇಡ, ಕೆಲಸ ಆಗಬೇಕು ಅಷ್ಟೇ.

ಹೆಬ್ಬಾಳ್_ಹುಡುಗ:

ಅಕ್ಕ, ಸುಮ್ನೆ ಬೇರೆ ಮನೆ ನೋಡಿಕೊಳ್ಳಿ. ಬೋಗಾದಿ ಕಡೆ ಈ ದುಡ್ಡಿಗೆ ಹೊಸ ಮನೆ ಸಿಗುತ್ತೆ. ಇಲ್ಲಿ ಯಾವ ಆಫೀಸೂ ಇಲ್ಲ.

ವಿವಿ_ಮೊಹಲ್ಲಾ_ನಿವೃತ್ತ_ಇಂಜಿನಿಯರ್:

ತಾಯಿ, ಮೊದಲು ಆ ಬೋರ್ಡಿನ ಕೆಲಸ ನೋಡಿ, ಆಮೇಲೆ ಕಾನೂನು. ಟೇಪ್ ಸುತ್ತಿದರೆ ಸಾಲದು. ಮೇನ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್, ಅಂದರೆ ಎಂಸಿಬಿ, ಇಳಿಸಿಡಿ. ಯಾವುದು ಅಂತ ಗೊತ್ತಾಗದಿದ್ದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಪ್ಯಾಸೇಜಿನ ಕಡೆಯ ಎಲ್ಲವನ್ನೂ ಇಳಿಸಿ. ಹಾಗೇ ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇದೆಯಾ ಕೇಳಿ. ಟೆಸ್ಟ್ ಅಂತ ಒಂದು ಬಟನ್ ಇರುತ್ತದೆ, ಒತ್ತಿದರೆ ಟಕ್ ಅಂತ ಬೀಳಬೇಕು. ಹಳೇ ಮನೆಗಳಲ್ಲಿ ಇದು ಇರುವುದೇ ಅಪರೂಪ. ಇದ್ದಿದ್ದರೆ ಮಗುವಿನ ಕೈ ಜುಂ ಅನ್ನುವ ಮೊದಲೇ ಬಿದ್ದಿರುತ್ತಿತ್ತೇನೋ. ಸೆಸ್ಕ್‌ನವರ ಕೆಲಸ ಮೀಟರ್‌ವರೆಗೆ ಮಾತ್ರ. ಒಳಗಿನ ವೈರಿಂಗ್ ಮನೆಯವರದ್ದು.

ಈಗ ನಿಮ್ಮ ಪ್ರಶ್ನೆ. ಇಲ್ಲ, ನಮ್ಮೂರಲ್ಲಿ ವಾಸದ ಮನೆ ಬಾಡಿಗೆಗೆ ಕೊಡುವ ಮುಂಚೆ ಬಂದು ನೋಡುವವರು ಯಾರೂ ಇಲ್ಲ. ಮನೆ ಕಟ್ಟುವಾಗ ಪ್ಲ್ಯಾನ್ ನೋಡುತ್ತಾರೆ, ಕಟ್ಟಿ ಮುಗಿದ ಮೇಲೆ ಕಂಪ್ಲೀಷನ್ ರಿಪೋರ್ಟ್ ಕೊಡುತ್ತಾರೆ. ಅಲ್ಲಿಗೆ ಮುಗಿಯಿತು. ಆಮೇಲೆ ನಲವತ್ತು ವರ್ಷ ಆ ಮನೆಯೊಳಗೆ ಏನಾಗುತ್ತಿದೆ ಅಂತ ಕೇಳುವವರಿಲ್ಲ. ಪಿಜಿ ನಡೆಸಿದರೆ ಪಾಲಿಕೆಯ ಉದ್ದಿಮೆ ಪರವಾನಗಿ ಬೇಕು, ಏಕೆಂದರೆ ಅದು ವ್ಯಾಪಾರ. ಬೀಳುವ ಹಾಗಿರುವ ಕಟ್ಟಡಕ್ಕೆ ನೋಟಿಸ್ ಕೊಡುವ ಅಧಿಕಾರವೂ ಪಾಲಿಕೆಗಿದೆ. ಆದರೆ ನಿಮ್ಮ ಸೀಲಿಂಗ್ ಸೋರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಅಧಿಕಾರ ಇದ್ದ ಮಾತ್ರಕ್ಕೆ ಏನಾಯಿತು? ಲ್ಯಾನ್ಸ್‌ಡೌನ್ ಕಟ್ಟಡ ಪಾಲಿಕೆಯದ್ದೇ, ಒಳಗಿದ್ದ ಅಂಗಡಿಯವರೂ ಬಾಡಿಗೆದಾರರೇ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು.

ತಮಾಷೆ ಅಂದರೆ ಊರಿನ ಮನೆಗಳ ಆರೋಗ್ಯ ಸರ್ಕಾರದ ಕೆಲಸ ಅಂತ ಮೈಸೂರಿಗೆ ಬಹಳ ಹಿಂದೆಯೇ ಹೊಳೆದಿತ್ತು. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದರು, ಅಗಲ ರಸ್ತೆ, ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿ ಎಲ್ಲ ಬಂದವು. ಅದೇ 1988ರಲ್ಲಿ ಮುಡಾ ಆಯಿತು. ಸೈಟು ಹಂಚುವುದರಲ್ಲಿ ಮುಳುಗಿದ ಮೇಲೆ ಮನೆಯೊಳಗೆ ಇಣುಕುವ ಕೆಲಸ ಯಾರ ಪಾಲಿಗೂ ಬರಲಿಲ್ಲ.

ನಿಮ್ಮ ಕೈಯಲ್ಲಿ ಇರುವುದು ಕರಾರು ಪತ್ರ ಒಂದೇ. ರಾಜ್ಯದ 1999ರ ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುವುದಿಲ್ಲ, ಅದರ ಮಿತಿ ಹೆಚ್ಚೆಂದರೆ ತಿಂಗಳಿಗೆ 3,500 ರೂಪಾಯಿ ಬಾಡಿಗೆ. ಆ ದುಡ್ಡಿಗೆ ಈಗ ಕಾರು ನಿಲ್ಲಿಸುವ ಶೆಡ್ ಸಿಗಬಹುದು. ಹಾಗಾಗಿ ನಿಮಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ಅದರ 108ನೇ ಸೆಕ್ಷನ್ ಹೇಳುವುದು ಇಷ್ಟು: ಓನರ್ ಮಾಡಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರ ತಾನೇ ಮಾಡಿಸಿ, ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಲು ಚೆನ್ನಾಗಿದೆ ಅಲ್ವಾ? ಆದರೆ "ಮಾಡಲೇಬೇಕಾದ" ಅನ್ನುವುದು ಎಲ್ಲಿಂದ ಬರಬೇಕು? ಕರಾರಿನಿಂದ. ನಿಮ್ಮ ಕರಾರಿನಲ್ಲಿ ಛಾವಣಿ, ಪೈಪು, ವೈರಿಂಗ್ ರಿಪೇರಿ ಮಾಲೀಕರದ್ದು ಅಂತ ಒಂದು ಸಾಲು ಇದೆಯಾ ನೋಡಿ. ಡಿಟಿಪಿ ಅಂಗಡಿಯಲ್ಲಿ ಹೆಸರು ಮಾತ್ರ ಬದಲಾಯಿಸಿ ಪ್ರಿಂಟ್ ಹೊಡೆಯುವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. "ಬಾಡಿಗೆದಾರರು ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು" ಅನ್ನುವುದು ಮಾತ್ರ ದಪ್ಪ ಅಕ್ಷರದಲ್ಲಿರುತ್ತದೆ.

ಇನ್ನೊಂದು. ಬಾಡಿಗೆ ಮುರಿದುಕೊಂಡು ಜಗಳಕ್ಕೆ ನಿಂತರೆ ಹನ್ನೊಂದು ತಿಂಗಳು ಮುಗಿದ ಮೇಲೆ ಅವರು ಕರಾರು ಮುಂದುವರಿಸುವುದಿಲ್ಲ. ನಿಮ್ಮ ಒಂದು ಲಕ್ಷ ಅವರ ಹತ್ತಿರ ಇದೆ, ಮರೆಯಬೇಡಿ. ಅದಕ್ಕೇ ಪ್ಲಂಬರ್ ದಾರಿ ಮೊದಲು ಹಿಡಿಯಿರಿ.

ಸೋರಿಕೆ ಯಾವುದು ಅಂತ ನೀವೇ ಕಂಡುಹಿಡಿಯಬಹುದು. ಮೇಲಿನವರು ಸ್ನಾನ ಮಾಡಿದ ಮೇಲಷ್ಟೇ ಹನಿ ಜಾಸ್ತಿಯಾಗುತ್ತಾ? ಹಾಗಾದರೆ ನೆಲದ ನೀರು ಹೊರಹೋಗುವ ನಹಾನಿ ಟ್ರಾಪಿನ ಜಾಯಿಂಟ್ ಅಥವಾ ಟೈಲ್ಸ್ ಸಂದು. ಮನೆಯಲ್ಲಿ ಯಾರೂ ಇಲ್ಲದ ದಿನವೂ ಹನಿಯುತ್ತಾ? ಹಾಗಾದರೆ ನೀರು ಬರುವ ಪೈಪು. ಟೈಲ್ಸ್ ಸಂದು ಮಾತ್ರವಾದರೆ ಖರ್ಚು ಕಡಿಮೆ. ಎರಡು ದಿನ ಗಮನಿಸಿ, ಸಮಯ ಬರೆದಿಟ್ಟು, ಫೋಟೋ ಸಮೇತ ಓನರ್‌ಗೆ ವಾಟ್ಸಾಪ್ ಮಾಡಿ. "ಅಂಕಲ್, ಸರಳು ತುಕ್ಕು ಹಿಡಿದರೆ ಸ್ಲ್ಯಾಬ್ ಒಡೆಯುತ್ತಂತೆ" ಅಂತಲೂ ಸೇರಿಸಿ. ಸುಳ್ಳಲ್ಲ ಅದು. ಕಬ್ಬಿಣ ತುಕ್ಕು ಹಿಡಿದಾಗ ಊದಿಕೊಂಡು ಕಾಂಕ್ರೀಟನ್ನು ಒಳಗಿಂದ ಸೀಳುತ್ತದೆ. ನಿಮ್ಮ ಕಷ್ಟಕ್ಕೆ ಕರಗದ ಓನರ್ ತಮ್ಮ ಸ್ಲ್ಯಾಬಿಗೆ ಕರಗುತ್ತಾರೆ.

ಮಂಡ್ಯದಿಂದ_ಮಿಷಿಗನ್:

ನಾನು ಮೊದಲು ಈಸ್ಟ್ ಲ್ಯಾನ್ಸಿಂಗ್‌ನಲ್ಲೇ ಇದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಅದು ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ ಇರುವ ಊರು, ಎಲ್ಲಿ ನೋಡಿದರೂ ಸ್ಟೂಡೆಂಟ್ಸ್. ಮೈದುನ ಹೇಳಿದ್ದು ನಿಜ. ಲೈಸೆನ್ಸ್ ಇಲ್ಲದೆ ಮನೆ ಬಾಡಿಗೆಗೆ ಕೊಡುವ ಹಾಗಿಲ್ಲ. ಎಷ್ಟು ಜನ ಇರಬಹುದು ಅನ್ನುವುದಕ್ಕೂ ಮಿತಿ ಇದೆ. ನಗರದ ಇನ್‌ಸ್ಪೆಕ್ಟರ್ ಬಂದು ಮನೆಯೊಳಗೇ ನೋಡುತ್ತಾರೆ: ಮಲಗುವ ಕೋಣೆಯಲ್ಲಿ ಹೊಗೆ ಅಲಾರಂ ಇದೆಯಾ, ಮೆಟ್ಟಿಲಿಗೆ ಹಿಡಿ ಇದೆಯಾ, ಇಂಥವು. ಅಲ್ಲಿ ಊರೂರು ಅಳವಡಿಸಿಕೊಳ್ಳುವ ಒಂದು ಮಾದರಿ ನಿಯಮಾವಳಿ ಇದೆ, ಅದರ ಪ್ರಕಾರ ಬೆಡ್‌ರೂಮ್ ಕನಿಷ್ಠ 70 ಚದರಡಿ ಇರಬೇಕು. ಕಮಿಷನ್‌ನಲ್ಲಿ ಇರುವವರು ಆಫೀಸರುಗಳಲ್ಲ, ಊರಿನ ಜನರೇ.

ನಿಮಗೆ ಬೇಕಾಗಿದ್ದು ಬೇರೆ ಒಂದು ಅನ್ನಿಸುತ್ತದೆ, ಅದು ಮಿಷಿಗನ್ ರಾಜ್ಯದ ಕಾನೂನು. ಬೀಗದ ಕೈ ಕೊಡುವಾಗ ಓನರ್ ಒಂದು ಪಟ್ಟಿ ಕೊಡಬೇಕು, ಗೋಡೆ, ಬಾಗಿಲು, ನಲ್ಲಿ, ಕಾರ್ಪೆಟ್ ಎಲ್ಲದರ ಸ್ಥಿತಿ ತುಂಬಲು. ಬಾಡಿಗೆದಾರ ಅದನ್ನು 7 ದಿನದೊಳಗೆ ತುಂಬಿ ವಾಪಸ್ ಕೊಡಬೇಕು. ಅಡ್ವಾನ್ಸ್ ಒಂದೂವರೆ ತಿಂಗಳ ಬಾಡಿಗೆ ಮೀರುವ ಹಾಗಿಲ್ಲ. ಮನೆ ಬಿಟ್ಟ 30 ದಿನದೊಳಗೆ ದುಡ್ಡು ವಾಪಸ್, ಇಲ್ಲವೇ ಯಾವುದಕ್ಕೆ ಎಷ್ಟು ಹಿಡಿದೆವು ಅನ್ನುವ ಲೆಕ್ಕ. ನಮ್ಮಲ್ಲಿ ಮಾಡುವಂತೆ "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ" ಅಂತ ಕಣ್ಣುಮುಚ್ಚಿ ಹಿಡಿಯಲು ಆಗಲ್ಲ.

ಒಂದು ವಿಷಯ ಮಾತ್ರ ನನಗೆ ಹಿಡಿಸಲಿಲ್ಲ. ಕೆಲವು ಬೀದಿಗಳಲ್ಲಿ ಮನೆ ಮಾಲೀಕರು ಸೇರಿ ಅರ್ಜಿ ಹಾಕಿ, ಹೊಸದಾಗಿ ಬಾಡಿಗೆ ಲೈಸೆನ್ಸ್ ಕೊಡದಂತೆ ತಡೆಯಬಹುದು.

ವಿವಿ_ಮೊಹಲ್ಲಾ_ನಿವೃತ್ತ_ಇಂಜಿನಿಯರ್:

ಕೊನೆಯ ಮಾತು ಕೇಳಿದಿರಾ? ಅದನ್ನು ಇಲ್ಲಿಗೆ ತಂದರೆ ಏನಾಗುತ್ತದೆ ಅಂತ ಯೋಚಿಸಿ. ಈಗಲೇ "ಬ್ಯಾಚುಲರ್ಸ್‌ಗೆ ಇಲ್ಲ, ಮೊಟ್ಟೆ ತಿನ್ನುವವರಿಗೆ ಇಲ್ಲ, ನಿಮ್ಮವರು ಯಾರು?" ಅಂತ ಗೇಟಿನಲ್ಲೇ ಕೇಳುವ ಊರು ನಮ್ಮದು. ಅಕ್ಕಪಕ್ಕದವರ ಸಹಿಗೆ ಕಾನೂನಿನ ಬಲ ಕೊಟ್ಟರೆ ಆ ಪ್ರಶ್ನೆಗಳೇ ಲೈಸೆನ್ಸ್ ಆಗುತ್ತವೆ. ಕಮಿಷನ್‌ನಲ್ಲಿ ಕೂರುವವರು ಯಾರು? ಮನೆ ಇರುವವರೇ. ನನಗೂ ಬಾಡಿಗೆ ಮನೆ ಇದೆ, ಆದರೂ ಹೇಳುತ್ತೇನೆ: ವೈರಿಂಗ್, ಮೆಟ್ಟಿಲು, ಗ್ಯಾಸ್ ಇಡುವ ಜಾಗ, ಈ ಮೂರನ್ನು ಯಾರಾದರೂ ಬಂದು ನೋಡಲಿ, ಶುಲ್ಕ ಕೊಡುತ್ತೇನೆ. ಒಳಗೆ ಯಾರು ಇರಬೇಕು ಅನ್ನುವುದಕ್ಕೆ ಯಾವ ಕಮಿಷನ್ನೂ ಬೇಡ.

ಕುವೆಂಪುನಗರ_ಓನರ್_ಆಂಟಿ:

ಎಲ್ಲರೂ ಓನರ್‌ಗಳನ್ನೇ ಬೈಯುತ್ತೀರ. ನಮ್ಮ ಮೇಲ್ಮನೆಯವರು ಸಿಂಕಿಗೆ ಅನ್ನದ ತಿಳಿ, ಕಾಫಿ ಗಸಟು ಎಲ್ಲ ಸುರಿದು ಕಟ್ಟಿಸಿ, "ಆಂಟಿ, ಪೈಪ್ ಸರಿಯಿಲ್ಲ" ಅಂದರು. ಬ್ಲಾಕ್ ತೆಗೆಸಿದ ದುಡ್ಡು ಯಾರು ಕೊಡಬೇಕು? ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಅಂತ ತಂದಿತ್ತು. ರಾಜ್ಯದವರು ತಮ್ಮದಾಗಿ ಮಾಡಿಕೊಂಡರೆ ಮಾತ್ರ ಜಾರಿ, ಆದರೆ ಅದರ ಹಿಂದಿರುವ ಪಟ್ಟಿ ಚೆನ್ನಾಗಿದೆ. ಕಟ್ಟಡದ ರಿಪೇರಿ, ಸುಣ್ಣ ಬಣ್ಣ, ಪೈಪ್ ಬದಲಾಯಿಸುವುದು, ವೈರಿಂಗ್ ಓನರ್‌ದು. ನಲ್ಲಿ ವಾಷರ್, ಡ್ರೈನ್ ಕ್ಲೀನ್, ಸ್ವಿಚ್ಚು ಸಾಕೆಟ್ಟು, ಗೀಸರ್ ರಿಪೇರಿ, ಕಿಟಕಿ ಗಾಜು ಬಾಡಿಗೆದಾರರದ್ದು. ನಾನು ಅದನ್ನೇ ಕರಾರಿಗೆ ಸೇರಿಸಿ ಇಬ್ಬರೂ ಸಹಿ ಹಾಕುತ್ತೇವೆ. ಅಂದಿನಿಂದ ವಾದ ಕಡಿಮೆ. ನೀವೂ ರಿನ್ಯೂವಲ್ ಸಮಯದಲ್ಲಿ ಕೇಳಿನೋಡಮ್ಮ. ಇಬ್ಬರಿಗೂ ಅನ್ವಯಿಸುತ್ತೆ ಅಂದರೆ ಓನರ್ ಬೇಡ ಅನ್ನಲ್ಲ.

ಸರಸ್ವತಿಪುರಂ_ಬಾಡಿಗೆ:

ಎಲ್ಲರಿಗೂ ಥ್ಯಾಂಕ್ಸ್. ಇಂಜಿನಿಯರ್ ಸರ್ ಹೇಳಿದ ಹಾಗೆ ನೋಡಿದೆವು. ಮೇಲಿನವರು ಊರಿಗೆ ಹೋದಾಗ ಒಂದು ಹನಿಯೂ ಇಲ್ಲ, ವಾಪಸ್ ಬಂದು ಸ್ನಾನ ಮಾಡಿದ ಸ್ವಲ್ಪ ಹೊತ್ತಿಗೇ ಶುರು. ಫೋಟೋ, ಸಮಯ ಎಲ್ಲ ಕಳಿಸಿದೆ. ಸ್ಲ್ಯಾಬ್ ಮಾತಿಗೆ ಅಂಕಲ್ ಅರ್ಧ ಗಂಟೆಯಲ್ಲಿ ಸ್ಕೂಟರ್‌ನಲ್ಲಿ ಬಂದರು! ಪ್ಲಂಬರ್ ಗುರುವಾರ, ಎಲೆಕ್ಟ್ರಿಷಿಯನ್ ಶುಕ್ರವಾರ. ಆರ್‌ಸಿಸಿಬಿ ಇರಲಿಲ್ಲ, ಹಾಕಿಸುತ್ತಾರಂತೆ. ಕರಾರಿಗೆ ಪಟ್ಟಿ ಸೇರಿಸುವ ವಿಷಯ ಮಾತ್ರ "ಆಮೇಲೆ ನೋಡೋಣ". ಟ್ರಾಪ್ ಸರಿ ಮಾಡಿದ ತಕ್ಷಣ ಪುಟ್ಟಿ ಹೊಡೆದು ಪೇಂಟ್ ಮಾಡಿಬಿಡುತ್ತೇನೆ ಅನ್ನುತ್ತಿದ್ದಾರೆ, ಪರವಾಗಿಲ್ವಾ ಸರ್?

ವಿವಿ_ಮೊಹಲ್ಲಾ_ನಿವೃತ್ತ_ಇಂಜಿನಿಯರ್:

ಬೇಡ. ಹಸಿ ಸ್ಲ್ಯಾಬಿಗೆ ಪುಟ್ಟಿ ಹಾಕಿದರೆ ಮತ್ತೆ ಎದ್ದು ಬರುತ್ತದೆ. ಮೊದಲು ಸಡಿಲವಾದದ್ದನ್ನೆಲ್ಲ ಕೆರೆದು ಹಾಕಿಸಿ, ಸರಳು ಕಾಣುತ್ತಾ ನೋಡಿ, ಕಂಡರೆ ಫೋಟೋ ಹಾಕಿ. ಆಮೇಲೆ ಫ್ಯಾನ್ ಇಟ್ಟು ಚೆನ್ನಾಗಿ ಒಣಗಲು ಬಿಡಿ. ಅಷ್ಟರಲ್ಲಿ ಮೇಲಿನವರು ಸ್ನಾನ ಮಾಡುತ್ತಲೇ ಇರುತ್ತಾರಲ್ಲ, ರಿಪೇರಿ ನಿಂತಿತಾ ಇಲ್ಲವಾ ಅನ್ನುವುದೂ ಗೊತ್ತಾಗುತ್ತದೆ. ಪೇಂಟ್ ದಸರಾಕ್ಕೆ ಮಾಡಿಸಿದರೂ ಸಾಕು.